ಸಮುದ್ರದ ದಂಡೆಯ ತಣ್ಣನೆಯ ಮೀನು

ಬಿಸಿ ರೊಟ್ಟಿಯ ಆಯುಷ್ಯ ಎಷ್ಟೆಂದು ನನ್ನನ್ನು ಕೇಳಿ. ಒಲೆಯಿಂದ ಹೊರಟು ಪಡಸಾಲೆಯಲ್ಲಿ ಕೂತವರ ತಟ್ಟೆಗೆ ಬೀಳುವಷ್ಟು. ಅಷ್ಟರೊಳಗೆ ಮುರಿದರೆ ಒಳಗಿಂದ ಹಬೆ ಬರುತ್ತದೆ, ಮೇಲಿಟ್ಟ ಬೆಣ್ಣೆ ತಾನಾಗಿ ಕರಗುತ್ತದೆ. ಇದನ್ನೆಲ್ಲ ನಾನು ತಿಂದು ಬಲ್ಲವಳಲ್ಲ, ಬಡಿಸಿ ಬಲ್ಲವಳು. ಹುಮನಾಬಾದಿನ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಪಾಲಿನದು ಬುಟ್ಟಿಯ ತಳದ ರೊಟ್ಟಿ. ಎಲ್ಲರೂ ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅದು ಆರಿ, ಬೆವೆತು, ಚಪ್ಪಲಿಯ ಅಟ್ಟೆಯಂತಾಗಿರುತ್ತಿತ್ತು. ಅದನ್ನು ಜಗಿಯುತ್ತಾ ಜಗಿಯುತ್ತಾ ನಾನು ಸಿಟ್ಟಿನ ಹೆಂಗಸಾದೆ. ನನ್ನ ಸಿಟ್ಟಿಗೆ ಬೇರೆ ಕಾರಣ ಹುಡುಕುವವರು ಹುಡುಕಿಕೊಳ್ಳಲಿ.

ಇದರಲ್ಲೊಂದು ತಮಾಷೆಯೂ ಇದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ತವರು ಬಸವಕಲ್ಯಾಣ. ಕಲ್ಯಾಣದಲ್ಲಿ ಶರಣರು ಮೇಲು ಕೀಳೆನ್ನದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದರು ಎಂದು ವರ್ಷಕ್ಕೊಮ್ಮೆ ದನಿ ಎತ್ತರಿಸಿ ಪಾಠ ಮಾಡುತ್ತೇನೆ. ಆ ಪಂಕ್ತಿಗೆ ಬಡಿಸಿದವರು ಯಾವಾಗ ಉಂಡರೆಂದು ಪುಸ್ತಕದಲ್ಲಿಲ್ಲ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ಮಾತ್ರ ಇದೆ. ಮಾಡಿದವಳೂ ಬಡಿಸಿದವಳೂ ಒಬ್ಬಳೇ ಆಗಿ, ಇಬ್ಬರೂ ಹಸಿದಿದ್ದರೆ ಯಾರು ಮೇಲು ಎಂದು ಆ ಗಾದೆ ಕಟ್ಟಿದವನನ್ನು ಕೇಳಬೇಕೆಂದಿದ್ದೇನೆ. ಖಂಡಿತ ಅವನು ಉಂಡು ಮಲಗಿದ ಮೇಲೆಯೇ ಅದನ್ನು ಕಟ್ಟಿರಬೇಕು.

ನಮ್ಮ ಮನೆಯವರು ಮಸ್ಕತ್ತಿನಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಫೋರ್‌ಮನ್. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಬಂದು ಹೋಗು ಎಂದು ಟಿಕೇಟು ಕಳಿಸಿದರು. ಮಗಳು ಸುನಂದಾಳನ್ನು ಅತ್ತೆಯ ಹತ್ತಿರ ಬಿಟ್ಟು ಹೊರಟೆ. ಸಮುದ್ರ ನೋಡ್ತೀಯಲ್ಲ ಎಂದು ಓಣಿಯವರೆಲ್ಲ ಹೊಟ್ಟೆಕಿಚ್ಚು ಪಟ್ಟರು. ನನ್ನ ಆಸೆ ಬೇರೆಯೇ ಇತ್ತು. ಅಲ್ಲಿ ನನ್ನ ಒಲೆಯಿಲ್ಲ, ಪಡಸಾಲೆಯಿಲ್ಲ. ಒಂದೇ ಒಂದು ಊಟವನ್ನಾದರೂ ಎಲ್ಲರ ಜೊತೆ ಕೂತು ಬಿಸಿಬಿಸಿಯಾಗಿ ಉಣ್ಣಬೇಕು. ಸಮುದ್ರ ಎರಡನೆಯ ಮಾತು.

ಮೊದಲ ಅವಕಾಶ ವಿಮಾನದಲ್ಲೇ ಬಂತು. ಬೆಳ್ಳಿ ಬಣ್ಣದ ಕಾಗದ ಮುಚ್ಚಿದ ಬಿಸಿ ಅನ್ನವನ್ನು ಗಗನಸಖಿ ನನ್ನ ಮುಂದೆ ತಂದಿಟ್ಟಳು. ನಾನೇನು ಮಾಡಿದೆ ಗೊತ್ತೇ? ಪಕ್ಕದ ಸೀಟಿನಲ್ಲಿ ಒಬ್ಬ ಗಂಡಸು ಕೂತಿದ್ದ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅವನ ಊಟ ಮುಗಿಯಲೆಂದು ಕಾದೆ! ಆ ಮಹಾಶಯ ಒಂದೊಂದೇ ಅಗುಳನ್ನು ಎಣಿಸುವವನ ಹಾಗೆ ಉಂಡ. ಅವನು ಬಾಯಿ ಒರೆಸಿಕೊಂಡಾಗ ನಾನು ಕಾಗದ ಬಿಚ್ಚಿದೆ. ಅನ್ನ ಆರಿ ಗಟ್ಟಿಯಾಗಿತ್ತು. ನನ್ನ ಕೈಗಳ ಮೇಲೆ ನನಗೇ ಸಿಟ್ಟು ಬಂತು.

ನಾನು ಮಸ್ಕತ್ತಿಗೆ ಹೋಗಿ ಒಂದು ವಾರಕ್ಕೇ ಕಂಪನಿಯ ಮ್ಯಾನೇಜರ್ ಸಾಹೇಬರು ನಮ್ಮನ್ನು ಸಮುದ್ರದ ದಂಡೆಯ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದರು. ಗಂಡ ಹೆಂಡತಿ ಇಬ್ಬರೂ ಧಾರವಾಡದವರು, ಒಳ್ಳೆಯ ಮಂದಿ. ಮರಳಿನ ಮೇಲೇ ಮೇಜು ಹಾಕಿದ್ದರು. ಸಮುದ್ರ ಅಷ್ಟು ಹತ್ತಿರದಲ್ಲಿ ಸದ್ದು ಮಾಡುತ್ತಿತ್ತು, ನಾನು ನೋಡುತ್ತಿದ್ದುದು ಮಾತ್ರ ಅಡುಗೆಮನೆಯ ಬಾಗಿಲನ್ನು. ಮೀನು ನನಗೆ ಹೊಸದಲ್ಲ. ಮಳೆಗಾಲದಲ್ಲಿ ಅಪ್ಪ ಹುಲಸೂರ ಕಡೆಯಿಂದ ಹೊಳೆಮೀನು ತರುತ್ತಿದ್ದರು. ನಡುವಿನ ತುಂಡು ಅಣ್ಣಂದಿರಿಗೆ, ಬಾಲ ನನಗೆ ಮತ್ತು ಅವ್ವನಿಗೆ. ಇಲ್ಲಿ ಬಂದ ಮೀನು ಒಂದು ಮೊಳ ಉದ್ದ, ಇಡಿಯಾಗಿತ್ತು. ಮೈಮೇಲೆ ಬೆಣ್ಣೆ ಇನ್ನೂ ಚುರುಗುಟ್ಟುತ್ತಿತ್ತು. ನನ್ನ ಬಾಯಲ್ಲಿ ನೀರೂರಿತು, ಯಾಕೆ ಮುಚ್ಚಿಡಲಿ.

ವೇಟರ್ ಮೊದಲು ಹೆಂಗಸರಿಗೆ ಬಡಿಸುವ ಪದ್ಧತಿಯವನು. ಚಮಚ ಹಿಡಿದು ಸೀದಾ ನನ್ನ ಕಡೆಗೇ ಬಂದ. ಆಗ ನಮ್ಮ ಮನೆಯವರು ಕೈ ಅಡ್ಡ ಮಾಡಿ, ನಮ್ಮೂರ ಹಿಂದಿಯಲ್ಲಿ, "ಇನೋ ಬಾದ್ ಮೇ ಖಾತೇ" ಎಂದರು. ಇವರು ಆಮೇಲೆ ಉಣ್ಣುತ್ತಾರೆ ಎಂದು. ವೇಟರ್ ಕಕ್ಕಾಬಿಕ್ಕಿಯಾದ. ಆಮೇಲೆ ಎಂದರೆ ಯಾವಾಗ? ಹೋಟೆಲು ಬಾಗಿಲು ಹಾಕಿದ ಮೇಲೆಯೇ? ಸಮುದ್ರ ಬತ್ತಿದ ಮೇಲೆಯೇ?

ಅವರ ಮಾತಿಗಿಂತ ದೊಡ್ಡ ಹುಚ್ಚುತನ ನನ್ನದು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮೈ ತಾನಾಗಿ ಎದ್ದು ನಿಂತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇಟರನ ಕೈಯಿಂದ ಚಮಚ ಇಸಿದುಕೊಂಡು ಮೇಜಿನ ಸುತ್ತ ಬಡಿಸತೊಡಗಿದೆ. ಸಾಹೇಬರಿಗೆ ನಡುವಿನ ತುಂಡು, ಇವರಿಗೆ ಅದರ ಪಕ್ಕದ್ದು. ಸುತ್ತಲಿನ ಮೇಜುಗಳ ಬಿಳಿಯರು ತಿರುಗಿ ನೋಡಿದರು. ಸಾಹೇಬರ ಹೆಂಡತಿ ನನ್ನ ಮುಂಗೈ ಹಿಡಿದು ಮೆಲ್ಲಗೆ ಹೇಳಿದರು.

"ಅಕ್ಕಾರ, ಕೂಡ್ರಿ. ಇಲ್ಲಿ ಬಡಸಾಕ ಅವರಿಗೆ ಪಗಾರ ಕೊಡ್ತಾರ್ರಿ."

ಕೂತೆ. ನನ್ನ ತಟ್ಟೆಗೆ ಬಾಲ ಬಂತು. ಸಮುದ್ರದ ಗಾಳಿಗೆ ಆರಿ ತಣ್ಣಗಾಗಿ, ಬೆಣ್ಣೆ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಎರಡು ತುತ್ತು ತಿಂದೆ. ಉಳಿದದ್ದನ್ನು ಸಿಟ್ಟಿಗೆ ತಟ್ಟೆಯ ಅಂಚಿಗೆ ಸರಿಸಿದೆ. ಇಷ್ಟು ದೂರ ಹಾರಿ ಬಂದು, ಅದೇ ಬಾಲ, ಅದೇ ತಣ್ಣನೆಯ ತುತ್ತು.

ಶುಕ್ರವಾರ ಅವರಿಗೆ ರಜೆ. ಇನ್ನೊಂದು ದಂಡೆಯಲ್ಲಿ ಮೀನು ಹುರಿದು ಕೊಡುವ ತಗಡಿನ ಅಂಗಡಿಯೊಂದಿದೆ, ಬಾ ಎಂದರು. ದಾರಿಯಲ್ಲಿ ನಾನು ಬಾಯಿ ಬಿಟ್ಟೆ.

"ಇವತ್ತ ಮೊದಲು ನನಗ. ಬಿಸೀದು. ಅಡ್ಡ ಕೈ ತಂದ್ರ ನೋಡ್ರಿ ಮತ್ತ."

"ನಾ ಏನ್ ತಪ್ಪ ಮಾಡೀನಿ? ನಮ್ಮ ಮನ್ಯಾಗ ಹ್ಯಾಂಗ ಅದ, ಹಾಂಗ ಹೇಳೀನಿ."

"ಅದೇ ತಪ್ಪು."

"ನಮ್ಮವ್ವನೂ ಹಾಂಗೇ ಉಂಡಾಳ. ನೀ ಬಂದ ಮ್ಯಾಲೆ ಈಗ ಬಿಸೀದು ಉಣ್ಣಾಕತ್ತಾಳ. ಸೊಸಿ ಬಂದ ಮ್ಯಾಲೆ ನಿನಗೂ ಪಾಳಿ ಬರತದ."

"ಸೊಸಿ ಎಲ್ಲಿಂದ ಬರಬೇಕ್ರಿ? ನಮಗ ಇರಾಕಿ ಒಬ್ಬಾಕಿ ಮಗಳು. ಆಕಿ ಮಂದಿ ಮನಿ ಒಲಿ ಮುಂದ ಕೂಡಾಕ ಹೋಗಾಕಿ."

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಎಷ್ಟು ಅನುಕೂಲವಿತ್ತು. ನಾನು ಯಾವಾಗ ಉಣ್ಣುತ್ತೇನೆಂದು ಈ ಮನುಷ್ಯ ಒಂದು ದಿನವೂ ಯೋಚಿಸಿಲ್ಲ, ಅಷ್ಟೇ. ಬೈದರೆ ಮರೆಯಬಹುದಿತ್ತು, ಇದನ್ನು ಮರೆಯುವುದು ಹೇಗೆ?

ಅಂಗಡಿಯಲ್ಲಿ ಹೇಳಿದಂತೆಯೇ ಆಯಿತು. ಬಾಣಲೆಯಿಂದ ಎದ್ದ ಮೀನು ಸೀದಾ ನನ್ನ ತಟ್ಟೆಗೆ ಬಂತು, ನಡುವಿನ ತುಂಡು. ಅವರು ಕೈ ಕಟ್ಟಿಕೊಂಡು ನೋಡುತ್ತ ಕೂತರು. ನಾನು ಗೆದ್ದ ಸೊಕ್ಕಿನಲ್ಲಿ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟೆ, ನಾಲಗೆ ಸುಟ್ಟಿತು! ಬಿಸಿಯದನ್ನು ತಿನ್ನಲು ಊದಬೇಕು, ತುಸು ತಡೆಯಬೇಕು ಎಂಬುದು ಮಕ್ಕಳಿಗೂ ಗೊತ್ತು, ನನಗೆ ರೂಢಿ ತಪ್ಪಿತ್ತು. ಮೀನಿನ ರುಚಿ ಹೇಗಿತ್ತೆಂದು ಈಗಲೂ ಹೇಳಲಾರೆ. ನಗಬೇಕೋ ಅಳಬೇಕೋ ತಿಳಿಯದೆ ಬಾಯಿ ತೆರೆದು ಸಮುದ್ರದ ಗಾಳಿಯನ್ನು ಒಳಗೆಳೆದುಕೊಂಡೆ.

ಬಾಯಿ ಮುಕ್ಕಳಿಸಲೆಂದು ಅಂಗಡಿಯ ಹಿಂದೆ ಹೋದೆ. ಹುರಿಯುವವನು ಮಲಬಾರಿನ ಮುದುಕ. ಒಲೆಯ ಪಕ್ಕದಲ್ಲಿ ಅವನ ಅನ್ನದ ತಟ್ಟೆ, ಮೇಲೊಂದು ತುಣುಕು ಮೀನು, ಯಾವಾಗ ಬಡಿಸಿಟ್ಟದ್ದೋ, ನೊಣ ಕೂತಿತ್ತು. ಊಟ ಆಯಿತೇ ಎಂದು ಹಿಂದಿಯಲ್ಲಿ ಕೇಳಿದೆ. ಅವನು ಬಾಣಲೆಯಿಂದ ಕಣ್ಣೆತ್ತದೆ, "ಬಾದ್ ಮೇ" ಎಂದ.

ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ, ಹೆಚ್ಚಾಯಿತು. ಇಷ್ಟು ದಿನ ಅದು ಗಂಡನ ಮೇಲೆ, ಅತ್ತೆಯ ಮೇಲೆ ಇತ್ತು. ಈಗ ಬಿಸಿ ಎಂಬುದರ ಮೇಲೇ ಬಂತು. ಒಂದು ತಟ್ಟೆಯಲ್ಲಿ ಬಿಸಿಯದು ಇದೆಯೆಂದರೆ ಒಲೆಯ ಮುಂದೆ ಒಬ್ಬರು ಹಸಿದು ನಿಂತಿದ್ದಾರೆಂದೇ ಅರ್ಥ. ನನ್ನ ತಟ್ಟೆಯಾದರೂ ಅಷ್ಟೇ.

ಊರಿಗೆ ಮರಳಿದ ದಿನ ಓಣಿಯವರು, ಮಾಣಿಕನಗರದ ನೆಂಟರು, ಎಲ್ಲರೂ ಸಮುದ್ರ ಹೇಗಿತ್ತೆಂದು ಕೇಳಲು ಬಂದರು. ಉಪ್ಪಾಗಿತ್ತು ಎಂದು ಹೇಳಿ ಕಳಿಸಿದೆ. ರಾತ್ರಿ ಊಟಕ್ಕೆ ಅತ್ತೆ ನನ್ನನ್ನು ತಮ್ಮ ಪಕ್ಕ ಕೂಡಿಸಿಕೊಂಡರು, ಪ್ರಯಾಣದ ದಣಿವೆಂದು ಒಂದು ದಿನದ ರಿಯಾಯಿತಿ. ಒಳಗೆ ಟಪಟಪ ರೊಟ್ಟಿ ಬಡಿಯುವ ಸದ್ದು. ಸ್ವಲ್ಪ ಹೊತ್ತಿಗೆ ಎಂಟನೇ ಇಯತ್ತೆ ಓದುವ ನನ್ನ ಸುನಂದಾ ಸೆರಗಿಲ್ಲದ ಲಂಗದ ಸೊಂಟಕ್ಕೆ ಟವೆಲ್ಲು ಸಿಕ್ಕಿಸಿಕೊಂಡು ಹೊರಬಂದಳು. ಒಂದು ತಿಂಗಳಲ್ಲಿ ಅಜ್ಜಿ ಎಲ್ಲ ಕಲಿಸಿದ್ದರು. ಹಬೆಯಾಡುವ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. ನೀನೂ ಕೂಡು ಬಾ ಎಂದೆ.

"ನೀ ಉಣ್ಣವ್ವ. ನಾ ಆಮ್ಯಾಲೆ ಉಣ್ತೀನಿ."

ಆ ಮಾತನ್ನು ನನ್ನ ಮಗಳು ನಗುನಗುತ್ತಾ ಹೇಳಿದಳು. ಎದ್ದು ಒಳಗೆ ಹೋದೆ. ಒಲೆಯ ಕೊಳ್ಳಿಗಳನ್ನು ಹಿರಿದು ನೀರು ಚಿಮುಕಿಸಿದೆ.

ಮರುದಿನ ಇಡೀ ಮಧ್ಯಾಹ್ನ ಕೂತು ರೊಟ್ಟಿ ಬಡಿದು, ಒಣಗಿಸಿ, ಕಡಕ್ ರೊಟ್ಟಿಯ ಗುಡ್ಡೆ ಹಾಕಿದೆ. ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ, ತಿನ್ನುವಾಗ ಒಲೆಯ ಮುಂದೆ ಯಾರೂ ನಿಲ್ಲಬೇಕಿಲ್ಲ. ರಾತ್ರಿ ಬೇಳೆಯ ಪಾತ್ರೆಯನ್ನೂ ರೊಟ್ಟಿಯನ್ನೂ ಪಡಸಾಲೆಯ ನಡುವೆ ಇಟ್ಟು, ಅತ್ತೆ, ಸುನಂದಾ, ನಾನು, ಎಲ್ಲರಿಗೂ ಒಮ್ಮೆಲೇ ತಟ್ಟೆ ಹಾಕಿದೆ.

"ಇದೇನ ಮನಿಯೇನ, ಛತ್ರ ಏನ?" ಎಂದರು ಅತ್ತೆ. "ನನಗ ಹಲ್ಲ ಎಲ್ಲವ?"

"ಬ್ಯಾಳ್ಯಾಗ ನೆನಸಿಕೊಂಡು ಉಣ್ರಿ ಅತ್ತಿ. ಬಿಸೀದು ಬೇಕಾದವರು ತಾವೇ ಎದ್ದು ಬಡಕೊಬೇಕು. ನಾನೂ ಬಡಿಯಂಗಿಲ್ಲ, ನನ್ನ ಮಗಳೂ ಬಡಿಯಂಗಿಲ್ಲ."

ಒಂದು ವಾರ ಅತ್ತೆ ನನ್ನೊಡನೆ ಮಾತು ಬಿಟ್ಟರು. ಊಟ ಬಿಡಲಿಲ್ಲ.

ಮುಂದಿನ ವರ್ಷ ನಮ್ಮ ಮನೆಯವರು ರಜೆಗೆ ಬಂದರು. ನಾಲ್ಕು ದಿನ ಕಡಕ್ ರೊಟ್ಟಿ ಮುರಿದರು. ಐದನೆಯ ದಿನ ತಡೆಯಲಾಗದೆ ಎದ್ದು ಒಳಗೆ ಹೋದರು. ಹಿಟ್ಟು ಕಲಸುವ ಸದ್ದು, ಬೈದುಕೊಳ್ಳುವ ಸದ್ದು, ಸುಟ್ಟ ವಾಸನೆ ಎಲ್ಲ ಬಂತು. ನಾನು ಏಳಲಿಲ್ಲ, ಮಗಳ ಮೊಣಕಾಲನ್ನೂ ಒತ್ತಿ ಹಿಡಿದೆ. ಕೊನೆಗೆ ಅವರು ಸೊಟ್ಟ ರೊಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಾರಿಸುತ್ತ ತಂದು ತಮ್ಮ ಅವ್ವನ ತಟ್ಟೆಗೆ ಹಾಕಿದರು. ಎರಡನೆಯದು ಸುನಂದಾಳಿಗೆ. ಮೂರನೆಯದು ನನಗೆ. ಅವರ ಪಾಲಿಗೆ ಹಿಟ್ಟೇ ಉಳಿಯಲಿಲ್ಲ.

ಇಷ್ಟೆಲ್ಲ ಆದ ಮೇಲೂ ನನ್ನದು ಮೂರನೆಯದೇ? ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದವಳು ರೊಟ್ಟಿಯ ಕಡೆ ನೋಡಿದೆ, ಇನ್ನೂ ಹಬೆಯಾಡುತ್ತಿತ್ತು. ಸಿಟ್ಟು ಎಷ್ಟು ಹೊತ್ತು ಇಟ್ಟರೂ ಆರುವುದಿಲ್ಲ, ರೊಟ್ಟಿ ಆರುತ್ತದೆ. ಒಂದು ಚೂರು ಮುರಿದು, ಊದಿ, ಮೊದಲು ರೊಟ್ಟಿ ತಿಂದೆ.