ಸೀಜನ್ನಿಗೆ ಮುಂಚೆ ಹೋದ ಹಲ್ಲು

ನಮ್ಮ ಆರ್ಕೆಸ್ಟ್ರಾದ ಸೀಜನ್ ದೀಪಾವಳಿ ಮುಗಿದ ಮೇಲೆ ಶುರುವಾಗುತ್ತದೆ. ಈ ಸಲ ಅದಕ್ಕೆ ಇನ್ನೂ ತಿಂಗಳಿರುವಾಗ ನಾನು ಒಂದು ಖಡಕ್ ರೊಟ್ಟಿ ಕಡಿದು, ಮೇಲಿನ ಸಾಲಿನ ಮುಂದಿನ ಹಲ್ಲು ಒಂದನ್ನು ಪೂರ್ತಿ, ಅದರ ಪಕ್ಕದ್ದನ್ನು ಅರ್ಧ ಕಳೆದುಕೊಂಡೆ. ರೊಟ್ಟಿಗೆ ಏನೂ ಆಗಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಹಲ್ಲಿನ ವಿಷಯಕ್ಕೆ ಆ ಗಾದೆ ಬಾಯಿ ಹಾಕಿಲ್ಲ. ಐವತ್ತು ದಾಟಿದವನಿಗೆ ಹಲ್ಲು ಹೋಗುವುದು ಸುದ್ದಿಯೇ ಅಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ನಾನು ಕ್ಲಾರಿನೆಟ್ ನುಡಿಸುವವನು. ಕ್ಲಾರಿನೆಟ್ಟಿನ ಮೂತಿಯನ್ನು ಬಾಯಲ್ಲಿ ಹಿಡಿಯುವಾಗ ಕೆಳಗೆ ತುಟಿ, ಮೇಲೆ ಹಲ್ಲು. ಮೇಲಿನ ಎರಡು ಹಲ್ಲು ಗಟ್ಟಿಯಾಗಿ ಊರಿಕೊಂಡರೆ ಮಾತ್ರ ನಾನು ಕಲಿತ ರೀತಿಯಲ್ಲಿ ದನಿ ಹೊರಡುತ್ತದೆ. ಹೋದದ್ದು ಸರಿಯಾಗಿ ಆ ಎರಡೇ. ಬಾಯಲ್ಲಿ ಉಳಿದ ಇಪ್ಪತ್ತಾರೋ ಇಪ್ಪತ್ತೇಳೋ ಹಲ್ಲುಗಳಲ್ಲಿ ಯಾವುದು ಬೇಕಾದರೂ ಹೋಗಬಹುದಿತ್ತು, ನಾನು ತಕರಾರು ತೆಗೆಯುತ್ತಿರಲಿಲ್ಲ.

ಆರ್ಕೆಸ್ಟ್ರಾ ಎಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಕಡೆಯ ಇಪ್ಪತ್ತಮೂರು ಜನ. ಪಿಟೀಲಿಗೆ ಮೂವರು ಸಾಲಿ ಮಾಸ್ತರು, ತುತ್ತೂರಿಗೆ ಮದುವೆ ಬ್ಯಾಂಡಿನ ಮನೆತನದ ಸಿಂದಗಿಯ ಅಣ್ಣತಮ್ಮಂದಿರು, ತಬಲಾಕ್ಕೆ ಒಬ್ಬ ಕಿರಾಣಿ ಅಂಗಡಿಯವರು, ಹೀಗೆ. ಇವರನ್ನೆಲ್ಲ ಒಂದು ಕಡ್ಡಿಯ ತುದಿಯಲ್ಲಿ ಕುಣಿಸುವವರು ಮುದ್ದೇಬಿಹಾಳದ ನಮ್ಮ ಮಾಸ್ತರು. ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದವರು, ಎಪ್ಪತ್ತರ ಆಚೆಯವರು. ಕರಪತ್ರದಲ್ಲಿ ‘ಸಿಂಫನಿ’ ಎಂದು ದಪ್ಪಕ್ಷರದಲ್ಲಿ ಹಾಕಿಸುತ್ತಾರೆ. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ, ಬಂದು ಕೇಳ್ರಿ ಎನ್ನುತ್ತಾರೆ.

ಸೀಜನ್ ಎಂದರೆ ನಾಲ್ಕು ಸಂಜೆ, ಊರಿಗೊಂದು. ಒಂದೊಂದು ಊರಿನ ಕಿವಿ ಒಂದೊಂದು ರೀತಿ. ಸಿಂದಗಿಯವರಿಗೆ ತುತ್ತೂರಿ ಜಾಸ್ತಿ ಇರಬೇಕು, ಮನೆಯ ಹುಡುಗರದಲ್ಲವೇ. ಬಾಗೇವಾಡಿಯವರು ಕೊನೆಯವರೆಗೂ ತುಟಿ ಪಿಟಕ್ಕೆನ್ನದೆ ಕೂತು, ಚೆನ್ನಾಗಿತ್ತೋ ಇಲ್ಲವೋ ಎಂಬ ಗುಟ್ಟನ್ನು ಮನೆಗೆ ಒಯ್ಯುತ್ತಾರೆ. ನಮ್ಮ ಇಂಡಿಯಲ್ಲಿ ಮುಂದಿನ ಸಾಲಿನಲ್ಲಿ ಯಾರಾದರೊಬ್ಬ ಕಿಡಿಗೇಡಿ ನಿಂಬೆಹಣ್ಣು ಕೊಯ್ದು ನಮ್ಮನ್ನೇ ನೋಡುತ್ತ ಚೀಪುತ್ತಾನೆ. ಅದನ್ನು ಕಂಡರೆ ಊದುವವರ ಬಾಯಲ್ಲಿ ನೀರು ತುಂಬಿ ಸ್ವರ ತೇಲಿ ಹೋಗುತ್ತದೆ. ಮುದ್ದೇಬಿಹಾಳದವರು ಮಾತ್ರ ನಿಜವಾದ ಕೇಳುಗರು. ನಡುವೆ ಚಪ್ಪಾಳೆ ಹೊಡೆದವನನ್ನು ಅವರೇ ಗದರಿಸಿ ಕೂರಿಸುತ್ತಾರೆ. ಈ ವರ್ಷದ ಪಟ್ಟಿಯಲ್ಲಿ ಮೊದಲ ಸಂಜೆ ಅಲ್ಲೇ ಇತ್ತು.

ಮೊದಲ ಸಂಜೆಗೆಂದು ಮಾಸ್ತರು ಯಮನ್ ರಾಗದಲ್ಲಿ ಹೊಸದೊಂದನ್ನು ಕಟ್ಟಿದ್ದರು. ಅದು ಶುರುವಾಗುವುದೇ ಒಂಟಿ ಕ್ಲಾರಿನೆಟ್ಟಿನಿಂದ. ಎರಡು ನಿಮಿಷ ಉಳಿದ ಇಪ್ಪತ್ತೆರಡು ಜನ ಕೈಕಟ್ಟಿಕೊಂಡು ಕೂರಬೇಕು. ಇಂಥದ್ದೊಂದು ಎರಡು ನಿಮಿಷಕ್ಕಾಗಿ ನಾನು ಎಷ್ಟು ವರ್ಷದಿಂದ ಮಾಸ್ತರ ಹಿಂದೆ ಬಿದ್ದಿದ್ದೆ ಎಂದರೆ, ನನಗೇ ನಾಚಿಕೆಯಾಗುತ್ತದೆ. ಕೊನೆಗೆ ಪಟ್ಟಿಯಲ್ಲಿ ನನ್ನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದರು. ತಾಲೀಮಿನಲ್ಲಿ ಕೇಳಿದ ಮೇಲೆ ಪೆನ್ನಿನಲ್ಲಿ ಬರೆಯುವುದು ಅವರ ಪದ್ಧತಿ. ಪೆನ್ಸಿಲ್ ಮತ್ತು ಪೆನ್ನಿನ ನಡುವೆ ಆ ರೊಟ್ಟಿ ಬಂತು.

ಮುರಿದ ತುಂಡನ್ನು ಅಂಗೈಯಲ್ಲಿ ಹಿಡಿದು ಹೆಂಡತಿಗೆ ತೋರಿಸಿದೆ. ಆಕೆ ಮೊದಲು ಗಾಬರಿಯಾದಳು, ಆಮೇಲೆ ನನ್ನ ಬಾಯಿ ನೋಡಿ ಗೋಡೆ ಹಿಡಿದುಕೊಂಡು ನಕ್ಕಳು.

“ಇಷ್ಟ್ ವರ್ಷಕ್ಕ ಕಡಲಿ ಸಿಕ್ಕಿತ್ತು, ಈಗ ನೋಡ್ರಿ ಹಲ್ಲ ಇಲ್ಲ” ಎಂದಳು.

ಸಿಂದಗಿಯ ಹಲ್ಲಿನ ಡಾಕ್ಟರು ನಗಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. ಬೇರು ತೆಗೆಯಬೇಕು, ಒಸಡು ಮಾಯಬೇಕು, ಹೊಸ ಹಲ್ಲು ಕೂರಲು ಎರಡು ತಿಂಗಳಾದರೂ ಬೇಕು ಎಂದರು. ನಾನು ಗೋಗರೆದದ್ದಕ್ಕೆ ಹಾಕಿ ತೆಗೆಯುವ ಹಲ್ಲೊಂದನ್ನು ಮಾಡಿಕೊಟ್ಟರು. ಫೋಟೋ ತೆಗೆಸಿಕೊಳ್ಳಲು ಅದು ಚೆನ್ನಾಗಿತ್ತು. ಕ್ಲಾರಿನೆಟ್ ಮೇಲೆ ಊರಿ ಊದಿದರೆ ಹಲ್ಲೇ ನಡುಗಿ ತನ್ನದೇ ಬೇರೊಂದು ರಾಗ ಹಾಡುತ್ತಿತ್ತು. ತೆಗೆದಿಟ್ಟು ಊದಿದರೆ ಸಂದಿಯಿಂದ ಗಾಳಿ ಸೋರಿ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವಾಗ ಬರುವ ಸದ್ದಷ್ಟೇ ಬರುತ್ತಿತ್ತು. ನನಗೆ ಅಳು ಬಂತು. ಸುಳ್ಳು ಹೇಳುವುದಿಲ್ಲ, ಅತ್ತೆ.

ನನ್ನ ಹೊಟ್ಟೆಪಾಡೂ ಬಾಯಿಯದೇ. ಇಂಡಿಯಲ್ಲಿ ನಿಂಬೆಹಣ್ಣಿನ ಲಿಲಾವು, ಅಂದರೆ ಹರಾಜು, ಕೂಗುವುದು ನನ್ನ ಕೆಲಸ. ರಾಶಿಯ ಮುಂದೆ ನಿಂತು ಬೆಲೆ ಕೂಗಿದರೆ ಬೀದಿಯ ಆಚೆ ತುದಿಯಲ್ಲಿ ಚಹಾ ಕುಡಿಯುತ್ತಿರುವವನೂ ಲೋಟ ಇಟ್ಟು ಬರಬೇಕು. ಅಂಥ ಗಂಟಲು. ನನ್ನ ಕ್ಲಾರಿನೆಟ್ಟೂ ಅದೇ ಜಾತಿಯದು. ಹರೆಯದಲ್ಲಿ ಮದುವೆ ಮೆರವಣಿಗೆಯಲ್ಲಿ, ಪಟಾಕಿ, ಹಲಗೆ ವಾದ್ಯಗಳ ನಡುವೆ ಊದುತ್ತ ಕಲಿತವನು ನಾನು. ಅಲ್ಲಿ ಮೆಲ್ಲಗೆ ಊದಿದರೆ ಕೂಲಿ ಕೊಡುವವನು ನೀನು ಬಂದೇ ಇರಲಿಲ್ಲ ಎನ್ನುತ್ತಾನೆ. ಹಾಗಾಗಿ ಗಟ್ಟಿ ದನಿಯೇ ಒಳ್ಳೆಯ ದನಿ ಎಂದು ನಂಬಿ, ಅದೇ ನಂಬಿಕೆಯಲ್ಲಿ ಇಷ್ಟು ದೂರ ಬಂದಿದ್ದೆ.

ಹಲ್ಲು ಹೋದ ವಿಷಯ ಇಂಡಿಯಲ್ಲಿ ಮುಚ್ಚಿಡಲು ಆಗಲಿಲ್ಲ. ಮರುದಿನದ ಮೊದಲ ಲಿಲಾವಿಗೇ ಬಯಲಾಯಿತು. ಆದರೆ ಆರ್ಕೆಸ್ಟ್ರಾದವರು ಬೇರೆ ಊರಿನವರು, ಅವರಿಗೆ ಗೊತ್ತಾಗದಂತೆ ಸಂಭಾಳಿಸಬಹುದು ಎಂದುಕೊಂಡೆ. ಮಾಸ್ತರು ಫೋನ್ ಮಾಡಿದಾಗ ಹೂಂ, ಹೌದ್ರಿ ಎಂಬೆರಡು ಮಾತಿನಲ್ಲೇ ಮುಗಿಸಿದೆ. ಆಲಮೇಲದ ನರ್ಸಬಾಯಿ ಫೋನ್ ಮಾಡಿದರೆ ಎತ್ತಲೇ ಇಲ್ಲ.

ಈ ನರ್ಸಬಾಯಿ ನಮ್ಮ ಎರಡನೆಯ ಕ್ಲಾರಿನೆಟ್. ಸಿಂದಗಿ ಕಡೆಯ ಆಲಮೇಲದ ದವಾಖಾನೆಯಲ್ಲಿ ಕೆಲಸ, ಮೂವತ್ತರ ಹತ್ತಿರದ ವಯಸ್ಸು, ನನ್ನನ್ನು ಕಾಕಾ ಎನ್ನುತ್ತಾಳೆ. ಆಕೆಗೆ ಕಲಿಸಿದವನು ನಾನೇ. ಆರು ವರ್ಷದಿಂದ ನನ್ನ ಪಕ್ಕದ ಕುರ್ಚಿ ಆಕೆಯದು. ಬೆರಳು ಒಳ್ಳೆಯದು, ಶ್ರುತಿ ಶುದ್ಧ, ದನಿ ಮಾತ್ರ ಏಳುವುದೇ ಇಲ್ಲ ಎಂಬುದು ನನ್ನ ಕಾಯಂ ತಕರಾರು. ಪ್ರತಿ ತಾಲೀಮಿನಲ್ಲೂ ಗಟ್ಟಿ ಊದವ್ವ, ಗಟ್ಟಿ ಎಂದು ಆಕೆಯ ಪ್ರಾಣ ತಿನ್ನುತ್ತಿದ್ದೆ. ನನಗೇನಾದರೂ ಆದರೆ ಆ ಎರಡು ನಿಮಿಷ ಆಕೆಗೇ ಹೋಗುತ್ತದೆ ಎಂಬುದು ಗೊತ್ತಿತ್ತು. ಫೋನ್ ಎತ್ತದೆ ಇದ್ದದ್ದು ಅದಕ್ಕೇ.

ಆಗ ನೆನಪಾದವರು ತಾಳಿಕೋಟೆಯ ಶಹನಾಯಿ ಚಾಚಾ. ಹರೆಯದಲ್ಲಿ ಎಷ್ಟೋ ಮದುವೆಗಳಲ್ಲಿ ಅವರು ಮಂಟಪದೊಳಗೆ, ನಾವು ಹೊರಗೆ. ಅವರ ಬಾಯಲ್ಲಿ ಈಗ ಒಂದೂ ಹಲ್ಲಿಲ್ಲ, ಆದರೂ ನುಡಿಸುತ್ತಾರೆ ಎಂದು ಯಾರೋ ಹೇಳಿದ್ದರು. ರಜೆ ಹಾಕಿ ಬಸ್ ಹತ್ತಿದೆ. ಚಾಚಾ ನನ್ನ ಕಥೆ ಕೇಳಿ, ತಮ್ಮ ಬಾಯಿ ಅಗಲಿಸಿ ತೋರಿಸಿ, ನೀನಿನ್ನೂ ಸಾವುಕಾರ ಎಂದರು. ಆಮೇಲೆ ಎರಡೂ ತುಟಿಗಳನ್ನು ಒಳಗೆ ಮಡಚಿ, ಮೇಲೂ ಕೆಳಗೂ ತುಟಿಯಲ್ಲೇ ಹಿಡಿದು ಊದುವುದನ್ನು ಹೇಳಿಕೊಟ್ಟರು. ಹಲ್ಲಿನ ಸಂದಿಯನ್ನು ತುಟಿಯೇ ಮುಚ್ಚಿತು, ಗಾಳಿ ಸೋರುವುದು ನಿಂತಿತು. ದನಿ ಬಂತು, ಆದರೆ ಸಣ್ಣದು. ನಾನು ಜೋರು ಮಾಡಹೋದರೆ ತುಟಿ ಸೋತು ಎಲ್ಲ ಜಾರುತ್ತಿತ್ತು.

“ಗಟ್ಟಿ ಬರಂಗಿಲ್ಲೋ. ತುಟಿಗಿ ಎಷ್ಟ್ ತಾಕತ್ತ ಐತಿ ಅಷ್ಟ ಕೇಳು” ಎಂದರು ಚಾಚಾ.

ಮುಂದಿನ ಹತ್ತು ಹನ್ನೆರಡು ದಿನ ಬೆಳಿಗ್ಗೆ ಲಿಲಾವಿಗೆ ಮುಂಚೆ ಒಂದು ತಾಸು, ಮಧ್ಯಾಹ್ನ ಎರಡು ತಾಸು ಅದೇ ಕೆಲಸ. ತುಟಿ ಬಾತು ಬಿಸಿ ಚಹಾ ಕುಡಿಯಲೂ ಆಗದಾಯಿತು. ಇಷ್ಟು ವರ್ಷ ನಾನು ಊದಲು ಕೂತರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಪಕ್ಕದ ಮನೆಯವರು, ಯಾಕೆ ನುಡಿಸುವುದು ಬಿಟ್ಟಿರೇನು ಎಂದು ವಿಚಾರಿಸಿದರು. ಈ ಮಾತಿಗೆ ಹೆಂಡತಿ ಇನ್ನೊಂದು ಸುತ್ತು ನಕ್ಕಳು. ನನಗೆ ಮಾತ್ರ ಒಂದೇ ಚಿಂತೆ. ಇಷ್ಟು ಸಣ್ಣ ದನಿ ಹಿಡಿದುಕೊಂಡು ಮುದ್ದೇಬಿಹಾಳದವರ ಮುಂದೆ ಹೇಗೆ ಕೂರುವುದು?

ತಾಲೀಮು ಭಾನುವಾರ, ಬಾಗೇವಾಡಿಯ ಒಂದು ಶಾಲೆಯ ಸಭಾಂಗಣದಲ್ಲಿ. ಎರಡು ಬಸ್ ಬದಲಿಸಿ, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು, ಧೂಳಿನ ನೆಪ ಸಿದ್ಧ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಹೋದೆ. ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಕ್ಲಾರಿನೆಟ್ ಕೇಳಿತು. ಯಮನ್. ನನ್ನ ಎರಡು ನಿಮಿಷ. ಬಾಗಿಲು ತಳ್ಳಿದರೆ ನರ್ಸಬಾಯಿ, ಒಬ್ಬಳೇ. ನನ್ನನ್ನು ಕಂಡು ಸರಕ್ಕನೆ ಎದ್ದಳು.

ಮಾಸ್ತರು ಹೇಳಿದ್ದಕ್ಕೆ ಕಲಿತೆ, ನಿಮಗೆ ತಿಳಿಸಲು ಎಷ್ಟು ಸಲ ಫೋನ್ ಮಾಡಿದೆ ಎಂದಳು. ಮುದ್ದೇಬಿಹಾಳದಿಂದ ನಿಂಬೆಹಣ್ಣು ಕೊಳ್ಳಲು ಬರುವ ವ್ಯಾಪಾರಿಯೊಬ್ಬ, ನಾನು ಹಲ್ಲಿಲ್ಲದೆ ಲಿಲಾವು ಕೂಗುವುದನ್ನು ಮೊಬೈಲಿನಲ್ಲಿ ಹಿಡಿದು ಮಾಸ್ತರಿಗೆ ಕಳಿಸಿದ್ದನಂತೆ. ಅಂದರೆ ಮೊದಲ ವಾರದಿಂದಲೇ ಎಲ್ಲರಿಗೂ ಗೊತ್ತು. ನಾನೊಬ್ಬ ಕರವಸ್ತ್ರ ಕಟ್ಟಿಕೊಂಡು ತಿರುಗುತ್ತಿದ್ದೆ. ಮೈಯೆಲ್ಲ ಉರಿಯಿತು. ಗುರುವಿಗೇ ತಿರುಮಂತ್ರ ಎಂದು ಆಕೆಯ ಮುಖಕ್ಕೆ ಅಂದುಬಿಟ್ಟೆ. ಆಕೆ ತನ್ನ ಕುರ್ಚಿಗೆ ಹೋಗಿ ಕೂತಳು. ಅಷ್ಟರಲ್ಲಿ ಮಾಸ್ತರು ಬಂದರು, ಉಳಿದವರೂ ಬಂದರು. ನಾನು ಕರವಸ್ತ್ರ ಕಿತ್ತು, ಎಲ್ಲರಿಗೂ ಕಾಣುವಂತೆ ಬಾಯಿ ತೆರೆದು, ಹೆಸರು ಅಳಿಸುವುದಿದ್ದರೆ ನನ್ನೆದುರೇ ಅಳಿಸಿ ಎಂದು ಕೂಗಾಡಿದೆ. ಹಲ್ಲಿಲ್ಲದ ಬಾಯಲ್ಲಿ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂಬುದು ಅವತ್ತು ತಿಳಿಯಿತು. ಅರ್ಧ ಗಾಳಿ, ಅರ್ಧ ಉಗುಳು. ತುತ್ತೂರಿಯ ಅಣ್ಣತಮ್ಮಂದಿರು ನಗು ತಡೆಯಲಾರದೆ ಕೆಳಗೆ ಬಗ್ಗಿದರು.

ಮಾಸ್ತರು ಮಾತ್ರ ಕಡ್ಡಿ ಎತ್ತಿ, ಮೊದಲು ನುಡಿಸು, ಜಗಳ ಆಮೇಲೆ ಆಡೋಣ ಎಂದರು.

ತುಟಿ ಮಡಚಿ ಊದಿದೆ. ನನ್ನ ಸಣ್ಣ ದನಿ ಆ ದೊಡ್ಡ ಸಭಾಂಗಣದಲ್ಲಿ ಎಲ್ಲಿ ಕಳೆದುಹೋಗುತ್ತದೋ ಎಂದು ಹೆದರಿದ್ದೆ, ಹೋಗಲಿಲ್ಲ. ಜೋರು ಮಾಡಲು ಆಗದ್ದರಿಂದ ಒಂದೊಂದು ಸ್ವರದ ಮೇಲೂ ನಿಲ್ಲಬೇಕಾಯಿತು. ನಗುತ್ತ ಬಗ್ಗಿದ್ದವರು ತಲೆ ಎತ್ತಿ ಕೂತರು. ಎರಡು ನಿಮಿಷ ಮುಗಿದ ಮೇಲೆ ಪಿಟೀಲು ಸೇರಿತು, ಪಕ್ಕದಲ್ಲಿ ನರ್ಸಬಾಯಿ ಸೇರಿದಳು, ತಬಲಾ ಸೇರಿತು. ನಡುವೆ ಒಂದು ಕಡೆಯೂ ನಿಲ್ಲದೆ ಕೊನೆ ಮುಟ್ಟಿದೆವು.

ಮಾಸ್ತರು ಹೀಗೇ ಇರಲಿ ಎಂದು ಜೇಬಿನಿಂದ ಪೆನ್ನು ತೆಗೆದು ನನ್ನ ಹೆಸರನ್ನು ಗಟ್ಟಿ ಮಾಡಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನನಗಾದ ಖುಷಿ ಇಷ್ಟಿಷ್ಟಲ್ಲ. ಗೆದ್ದ ಠೀವಿಯಲ್ಲಿ ಪಕ್ಕಕ್ಕೆ ತಿರುಗಿದರೆ ನರ್ಸಬಾಯಿಯ ಕಣ್ಣಲ್ಲಿ ನೀರು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಅಳುತ್ತಿದ್ದಾಳೆ ಎಂದುಕೊಂಡೆ. ಗೆದ್ದವನಿಗೆ ದೊಡ್ಡ ಮನಸ್ಸು ಬೇಗ ಬರುತ್ತದೆ. ಬರುವ ವರ್ಷ ನಿನಗೇ ಕೊಡಿಸುತ್ತೇನೆ, ಅಳಬೇಡ ಎಂದು ಸಮಾಧಾನ ಮಾಡಹೋದೆ.

ಆಕೆ ತಲೆ ಅಲ್ಲಾಡಿಸಿದಳು.

“ಅದಕ್ಕಲ್ರಿ ಕಾಕಾ. ಆರು ವರ್ಷ ಆತು ನಿಮ್ಮ ಮಗ್ಗಲಕ್ಕ ಕುಂತು. ಇವತ್ತ ಮೊದಲನೇ ಸಲ ಎಲ್ಲಾರೂ ಕೂಡಿ ನುಡಸೂ ಮುಂದ ನನ್ನ ಕ್ಲಾರಿನೆಟ್ ನನಗ ಕೇಳಿಸ್ತ್ರಿ.”

ಸಿಟ್ಟಿನಲ್ಲಿ ಹೇಳಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ. ಆಕೆ ಸಂತೋಷದಲ್ಲಿ ಹೇಳಿದಳು. ಆರು ವರ್ಷ ನಿನ್ನ ದನಿ ಏಳುವುದಿಲ್ಲ ಎಂದು ಆಕೆಯನ್ನು ಬೈದವನು ನಾನು. ಆ ದನಿಯನ್ನು ನನ್ನ ದನಿಯಿಂದ ಮುಚ್ಚಿ ಕೂತಿದ್ದವನೂ ನಾನೇ. ಇಪ್ಪತ್ತೆರಡು ಜನರಲ್ಲಿ ಒಬ್ಬರಾದರೂ ಇದನ್ನು ಹೇಳಬಾರದಿತ್ತೇ ಎಂದು ಅವರ ಮುಖ ನೋಡಿದೆ. ಅವರೆಲ್ಲ ತಮ್ಮ ತಮ್ಮ ವಾದ್ಯ ಒರೆಸಿಕೊಳ್ಳುತ್ತಿದ್ದರು. ಬಹುಶಃ ಹೇಳಿದ್ದರು, ನಾನು ಊದುತ್ತಿದ್ದೆ. ನಾಚಿಕೆಯಾಯಿತು, ಎಲ್ಲಾದರೂ ಎದ್ದು ಹೋಗೋಣ ಎನ್ನಿಸುವಷ್ಟು.

ಎದ್ದು ಹೋಗಲಿಲ್ಲ. ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟು, ಆ ಮೊದಲಿನದನ್ನು ಈಗ ನೀನು ನುಡಿಸು ಎಂದೆ. ಆಕೆ ಮಾಸ್ತರ ಮುಖ ನೋಡಿದಳು, ಅವರು ಕಡ್ಡಿ ಎತ್ತಿದರು. ನಾನು ಕೈಕಟ್ಟಿಕೊಂಡು ಕೂತೆ. ಆಕೆ ನುಡಿಸಿದಳು. ಚೆನ್ನಾಗಿತ್ತು. ನನಗಿಂತ ಚೆನ್ನಾಗಿತ್ತು ಎಂದು ಬರೆಯಲು ಕೈ ಇನ್ನೂ ಒಪ್ಪುತ್ತಿಲ್ಲ. ಮುದ್ದೇಬಿಹಾಳವನ್ನು ಮಾತ್ರ ನಾನು ಬಿಡುವುದಿಲ್ಲ, ಉಳಿದ ಮೂರು ಊರಿಗೆ ಆಕೆಯ ಹೆಸರು ಬರೆಯಿರಿ, ಪೆನ್ನಿನಲ್ಲೇ ಬರೆಯಿರಿ ಎಂದು ಮಾಸ್ತರಿಗೆ ಹೇಳಿ ಬಂದೆ.