ಅಡ್ಡ ಬಂದ ಕೈ

ನನ್ನ ಮೊಮ್ಮಗಳ ಸಿನಿಮಾ ದೊಡ್ಡ ಚಿತ್ರೋತ್ಸವಕ್ಕೆ ಆಯ್ಕೆಯಾಗೈತೆ! ರಾಮನಗರದಲ್ಲಿ ನಾನು ರೇಷ್ಮೆ ನೂಲು ಬಿಚ್ಚೋ ಶೆಡ್ಡಲ್ಲೇ, ನಮ್ಮಂಥ ಕೂಲಿಯವರ ಕಥೆಯನ್ನೇ ತೆಗೆದವಳೆ.

ಬಾಡಿಗೆ ಕ್ಯಾಮೆರಾ ಶೂಟಿಂಗಿಗೆ ಒಂದೇ ದಿನ ಸಿಕ್ಕಿದ್ದು. ಅವತ್ತು ನಾನು ಕೆಲಸ ಮುಗಿಸಿ, ದಣಿದು ಗೋಡೆಗೊರಗಿ ನೋಡ್ತಿದ್ದೆ. ರೇಷ್ಮೆಗೂಡು ಬೇಯೋ ಬಿಸಿನೀರ ತೊಟ್ಟಿ ಮುಂದೆ ಕೂತು ನಟಿ ಎಳೀತಿದ್ದ ನೂಲು ಕಡೀತು. ತಡೀಲಾರದೆ ನಡುವೆ ಕೈ ಹಾಕಿ ಎಳೆ ಕೂಡಿಸಿಬುಟ್ಟೆ.

"ಅಜ್ಜೀ, ಶಾಟು ಹಾಳಾಯ್ತಲ್ಲಾ!" ಮೊಮ್ಮಗಳು ಅತ್ತೇಬುಟ್ಳು.

"ನೂಲು ಕಡೀತಲ್ಲವ್ವಾ!" ಅಂದೆ.

ಮತ್ತೆ ತೆಗೆಯೋಕೆ ಬೆಳಕಿರಲಿಲ್ಲ, ಅದನ್ನೇ ಉಳಿಸಿಕೊಂಡಳು. ಚಿತ್ರೋತ್ಸವಕ್ಕೆ ಆರಿಸಿದವರು ಮೆಚ್ಚಿದ್ದು ಬಿಸಿನೀರಲ್ಲಿ ಬೆಂದು ಸುಕ್ಕಾದ ನನ್ನ ಆ ಕೈಯನ್ನೇ ಅಂತೆ.

ಆಯ್ಕೆ ಸುದ್ದಿ ಬಂದ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. "ಅವ್ವಾ, ಆ ಸಿನಿಮಾ ಕೈ ಒಸಿ ನಮ್ ತಟ್ಟೆಗೂ ಬರ್ಲಿ" ಅಂದ ಮಗ. ಬೆರಳು ನೋಯ್ತಿದ್ರೂ ಎಲ್ಲರಿಗೂ ಮುದ್ದೆ ಇಕ್ಕಿ, ನಾನೂ ಅವರ ಜೊತೆ ಉಂಡೆ.