ಫ್ಯಾನಿನ ಕೆಳಗಿನ ಮಂಚ

ಸರಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಪ್ರಥಮ್‌ನನ್ನು ಎಲ್ಲರೂ ‘ಸಿಸ್ಟರ್’ ಎಂದೇ ಕರೆಯುತ್ತಿದ್ದರು. ಮೀಸೆ ಬಿಟ್ಟು ನೋಡಿದ. ‘ಮೀಸೆ ಸಿಸ್ಟರ್’ ಆದ. ಗುತ್ತಿಗೆ ನರ್ಸಿಗೆ ಸಿಕ್ಕ ಬಡ್ತಿ ಅದೊಂದೇ ಎಂದು ತನ್ನನ್ನೇ ಗೇಲಿ ಮಾಡಿಕೊಂಡ.

ಎರಡು ತಿಂಗಳಿಂದ ಸಂಬಳವಿರಲಿಲ್ಲ. ಹಾಗಾಗಿ ಸಂಜೆಯಾದರೆ ಕೋಟ, ಕುಂಭಾಶಿ ಎಂದು ಮದುವೆಯ ಮುನ್ನಾದಿನದ ಮೆಹಂದಿ ಊಟಕ್ಕೆ ಬಡಿಸಲು ಹೋಗುತ್ತಿದ್ದ. ಅಡುಗೆ ವಹಿಸಿಕೊಳ್ಳುವ ಪ್ರೇಮಾನಂದ ದುಡ್ಡನ್ನು ಆಗಿಂದಾಗಲೇ ಕೈಗಿಡುತ್ತಿದ್ದ. ಬೆಳಿಗ್ಗೆ ಮತ್ತೆ ಡ್ಯೂಟಿ; ಬದಲಿ ಜನ ಬಾರದಿದ್ದರೆ ಎರಡು ಪಾಳಿ.

ಅಂಥದೊಂದು ಬೆಳಿಗ್ಗೆ ಕುಸುಮ ಎಂಬವರಿಗೆ ಇನ್ಸುಲಿನ್ ಕೊಡಬೇಕಿತ್ತು. ಹೆಸರು ಕೇಳಲಿಲ್ಲ, ಕೇಸ್ ಶೀಟ್ ನೋಡಲಿಲ್ಲ. ಪಂಕ್ತಿಯಲ್ಲಿ ಎಲೆ ನೋಡಿ ಬಡಿಸುವಂತೆ ಮಂಚ ನೋಡಿ ಬಗ್ಗಿದ. ಬಾಯಿಂದ ಹೊರಟಿದ್ದು, “ಅಮ್ಮಾ, ಕೋಳಿ ಸುಕ್ಕ ಇನ್ನೊಂಚೂರ್ ಹಾಕ್ಲಾ?”

ಮಲಗಿದ್ದವಳು ಮೀನು ಮಾರುವ ಸೀತು, ಜ್ವರದವಳು. “ಹ್ವಾಯ್, ಎಂತ ಸುಕ್ಕ ಮಾರಾಯ? ಸಕ್ರಿ ಕಾಯ್ಲಿ ನಂಗಲ್ಲ, ಕುಸುಮಂಗೆ. ಫ್ಯಾನಿನ ಗಾಳಿ ಬೇಕಂದ್ ನಾವಿಬ್ರೂ ಮಂಚ ಬದ್ಲ್ ಮಾಡ್ಕಂಡದ್ದ್!”

ವಾರ್ಡೆಲ್ಲ ನಕ್ಕಿತು. ಪ್ರಥಮ್ ಮಾತ್ರ ಸೂಜಿಗೆ ಮುಚ್ಚಳ ಹಾಕಿ ಹಿಂದೆ ಸರಿದ. ಸೀತು ನಿನ್ನೆಯಿಂದ ಒಂದು ತುತ್ತೂ ತಿಂದಿರಲಿಲ್ಲ. ಆ ಸೂಜಿ ಚುಚ್ಚಿದ್ದರೆ ಅವಳು ಏಳುತ್ತಿದ್ದಳೋ ಇಲ್ಲವೋ.

ಅವನ ಮುಖ ಕಂಡು ಸೀತು ದನಿ ತಗ್ಗಿಸಿದಳು. “ನಾ ಯಾರಿಗೂ ಹೇಳುದಿಲ್ಲ ಮಗಾ. ನಿನ್ ಕೆಲ್ಸ ಹೋಪುದ್ ಬ್ಯಾಡ.”

ಗುತ್ತಿಗೆ ಆ ತಿಂಗಳಿಗೇ ಮುಗಿಯುವುದಿತ್ತು. ಬಾಯಿ ಮುಚ್ಚಿಕೊಂಡರೆ ಕೆಲಸ ಉಳಿಯುತ್ತಿತ್ತು. ಆದರೆ ಇದೇ ನಿದ್ದೆಗಣ್ಣಿನಲ್ಲಿ ನಾಳೆಯೂ ಸೂಜಿ ಹಿಡಿಯಬೇಕಲ್ಲ? ನೇರ ಹಿರಿಯ ನರ್ಸ್ ಜಲಜಕ್ಕನ ಎದುರು ಹೋಗಿ ನಿಂತ.

“ಸುಕ್ಕ ಬಡ್ಸಿ ಆಯ್ತಾ?” ನಗು ಆಗಲೇ ಅಲ್ಲಿಗೆ ಮುಟ್ಟಿತ್ತು.

“ಅಕ್ಕಾ, ಕೈಯಗೆ ಇನ್ಸುಲಿನ್ ಇತ್ತ್.”

ಜಲಜಕ್ಕನ ನಗು ಆರಿತು. ಎಲ್ಲ ಕೇಳಿದ ಮೇಲೆ ಅವನನ್ನೂ ಬಿಡುವಿದ್ದ ನರ್ಸುಗಳನ್ನೆಲ್ಲ ಕಟ್ಟಿಕೊಂಡು ಮುಖ್ಯ ವೈದ್ಯರ ಕೋಣೆಗೆ ನುಗ್ಗಿದರು.

“ಸರ್, ಇವ ಮಾಡಿದ್ ತಪ್ಪೇ. ಆದ್ರೆ ಸಂಬ್ಳ ಇಲ್ದೆ, ನಿದ್ದಿ ಇಲ್ದೆ ನಾವೆಲ್ಲ ಹೀಂಗೇ ನಿಂತದ್ದ್. ನಾಳೆ ನನ್ ಕೈಯಗೂ ಆತ್ತ್. ಇವನ್ನ ತೆಗುದಾದ್ರೆ ನಮ್ಮೆಲ್ರನ್ನೂ ತೆಗಿನಿ.”

ವೈದ್ಯರು ಒಮ್ಮೆ ಅವರನ್ನು, ಒಮ್ಮೆ ಆ ಮೀಸೆಯನ್ನು ನೋಡಿ, ನರ್ಸುಗಳ ಸಂಬಳ ಕೊಡಬೇಕಾದ ಗುತ್ತಿಗೆದಾರನಿಗೆ ಫೋನ್ ಹಚ್ಚಿದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಬಲ್ಲರೆಂದು ಯಾರಿಗೂ ಗೊತ್ತಿರಲಿಲ್ಲ.

ವಾರದೊಳಗೆ ಸಂಬಳ ಬಂತು. ಎರಡು ಪಾಳಿ ನಿಂತಿತು. ಪ್ರಥಮ್‌ನ ಗುತ್ತಿಗೆ ಮುಂದುವರಿಯಿತು. ರೋಗಿ ತನ್ನ ಹೆಸರು ತಾನೇ ಹೇಳದೆ ಸೂಜಿಯಿಲ್ಲ, ಗುಳಿಗೆಯಿಲ್ಲ ಎಂಬುದು ವಾರ್ಡಿನ ಪದ್ಧತಿಯಾಯಿತು.

ಗುಣವಾದ ಸೀತು ಮೊಮ್ಮಗಳ ಮೆಹಂದಿಗೆ ಕರೆದಳು. ಪ್ರಥಮ್ ಇಸ್ತ್ರಿ ಅಂಗಿ ತೊಟ್ಟು, ಈ ಸಲ ಪಂಕ್ತಿಯಲ್ಲಿ ಕೂತ. ಸುಕ್ಕದ ಬಕೆಟ್ ಹಿಡಿದು ಬಂದ ಪ್ರೇಮಾನಂದನಿಗೂ ವಾರ್ಡಿನ ಕತೆ ಮುಟ್ಟಿತ್ತು; ಸೌಟು ಎತ್ತಿ ಹಿಡಿದು ನಿಂತ. “ಹೆಸ್ರ್ ಹೇಳ್ ಕಾಂಬ. ಮತ್ತೆ ಹಾಕುದ್.”

“ಪ್ರಥಮ್,” ಎಂದ, ಇಡೀ ಪಂಕ್ತಿಗೆ ಕೇಳುವಂತೆ. “ಎರಡ್ ಸೌಟ್ ಹಾಕಿ. ನಾಳೆ ರಜೆ!”